ಖಾಲಿ ಬಿಟ್ಟ ಗೆರೆ

ಲುಜೋನ್ ದ್ವೀಪದ ಬೆನ್ನುಮೂಳೆಯ ಮೇಲೆ
ಪಾಚಿ ಹೊದ್ದ ಮರಗಳು ನಮ್ಮ ಎದೆಯುದ್ದವೇ.
ದಲುನಾಗ್ ಕೊಬ್ಬರಿ ಚೂರು ಹುರಿಯುತ್ತಾನೆ,
ಶೇಂಗಾ ಬೆಣ್ಣೆ ಸವರುತ್ತಾನೆ, ಅರವತ್ತು ಬೋನಿಗೆ;
ಮಿಕ್ಕವಕ್ಕೆ ಜೀವಂತ ಎರೆಹುಳ, ನೂಲಲ್ಲಿ ಕಟ್ಟಿ.
"ಎಲ್ಲರ ನಾಲಿಗೆಯೂ ಒಂದೇ ಅಲ್ಲ."
ಅಷ್ಟೇ ಅವನ ಶಾಸ್ತ್ರ.

ನನ್ನದು ಚೀಟಿ ಬರೆಯುವ ಕೆಲಸ:
ದಿನಾಂಕ, ಎತ್ತರ, ತೂಕ, ಬಾಲ, ಹಿಂಗಾಲು, ಕಿವಿ,
ಕೊನೆಗೆ ಕುಟುಂಬ, ಕುಲ, ಪ್ರಭೇದ.
ಕುಟುಂಬಕ್ಕೆ ಕೈ ತಾನೇ ಓಡುತ್ತದೆ.
ಎಲ್ಲರೂ ಒಂದೇ ಮನೆಯವರು:
ಮರದ ತುದಿಯಲ್ಲಿ ಕಂಬಳಿ ಹೊದ್ದು ಕೂತ
ಬೆಕ್ಕಿನಷ್ಟು ದಪ್ಪದ ಮೋಡದಿಲಿ,
ಬೆನ್ನಿಗೆ ಗೆರೆ ಎಳೆದುಕೊಂಡು ಮಣ್ಣು ಬಗೆಯುವವನು,
ಮೂತಿಯನ್ನೇ ಇಕ್ಕಳ ಮಾಡಿಕೊಂಡವನು,
ಮತ್ತೆ, ಹಡಗಿನ ಹಗ್ಗ ಹಿಡಿದು ಬಂದು
ಅಕ್ಕಿ ಚೀಲದ ಹಿಂದೆ ಸಂಸಾರ ಹೂಡಿದ
ದೂರದ ನೆಂಟ.

ಕುಲ ಕೇಳಬೇಕೆಂದರೆ ಬಾಯಿ ಬಿಡಿಸಬೇಕು.
ಪಿಲಾರ್ ಮಸೂರ ಹಿಡಿದು ಎಣಿಸುತ್ತಾಳೆ:
ದವಡೆಯ ಒಂದೊಂದು ಮಗ್ಗುಲಿಗೆ ಮೂರು ಅರೆಹಲ್ಲು.
ಇಕ್ಕಳ ಮೂತಿಯವನಿಗೆ ಎರಡೇ,
ಅವೂ ಸಾಸಿವೆ.
ಅಗಿಯುವುದು ಬಿಟ್ಟ ವಂಶಕ್ಕೆ ಹಲ್ಲೂ ಭಾರ.

ಮೂರನೆಯ ದಿನ ಅಕ್ಕಿ ಹೊತ್ತು ತಂದ ಗನ್ನಾಯ್
ಸಾಲಾಗಿ ಮಲಗಿದ ಹತ್ತಿ ಹೊಟ್ಟೆಗಳನ್ನು ನೋಡಿದಳು.
"ಇಷ್ಟೊಂದು ಯಾಕೆ? ನಮ್ಮಲ್ಲಿ ಮೂರೇ ಬಗೆ.
ಭತ್ತ ಕದಿಯುವವು, ಕದಿಯದವು,
ಸಾರಿಗೆ ಆಗುವವು."
ಆಮೇಲೆ ಗೆರೆಯವನ ಬೆನ್ನು ಸವರಿ,
"ಇವನನ್ನು ಕೊಲ್ಲಬಾರದಿತ್ತು.
ಗದ್ದೆಯ ಬಸವನಹುಳ ತಿನ್ನುವವನು."
ಚೀಟಿಯಲ್ಲಿ ಆ ಮಾತಿಗೆ ಗೆರೆಯಿರಲಿಲ್ಲ.
ಹಿಂಬದಿಗೆ ಬರೆದೆ.

ಆರನೆಯ ದಿನ ಬಂತು ಒಂದು,
ಒದ್ದೆ ಇದ್ದಿಲ ಬಣ್ಣ, ಬಾಲದ ತುದಿ ಮಾತ್ರ ಬಿಳಿ.
ದಲುನಾಗ್ ಅಂಗೈಯಲ್ಲಿ ಮಗುಚಿ ನೋಡಿದ,
ಅಜ್ಜ ಹೇಳಿಕೊಟ್ಟ ಹೆಸರುಗಳನ್ನೆಲ್ಲ ತುಟಿಯಲ್ಲೇ ತಿರುವಿದ,
ಏನೂ ಹೇಳಲಿಲ್ಲ.
ಪಿಲಾರ್ ಹಲ್ಲು ಎಣಿಸಿದಳು, ಮತ್ತೆ ಎಣಿಸಿದಳು,
ದೀಪ ಹತ್ತಿರ ತರಿಸಿದಳು.
"ಕುಲ?" ಎಂದೆ, ಪೆನ್ನು ಹಿಡಿದು.
"ಖಾಲಿ ಬಿಡು."

ಬೆಟ್ಟ ಅಗೆದು ಇಲಿ ಹಿಡಿದರೆಂದು ನಗುವವರು
ಆ ರಾತ್ರಿ ನಮ್ಮ ಡೇರೆಯಲ್ಲಿ ಕೂರಬೇಕಿತ್ತು:
ನಾಲ್ಕು ಜನ, ಒಂದು ದೀಪ,
ನಡುವೆ ಹದಿನೆಂಟು ಗ್ರಾಂ
ಯಾರಿಗೂ ಗೊತ್ತಿಲ್ಲದ್ದು.

ಬೆಳಗಾಗುವಷ್ಟರಲ್ಲಿ ಚೀಟಿಗೆ ಒಂದು ಮೂಲೆಯಿಲ್ಲ.
ಖಾಲಿ ಗೆರೆಯ ಅರ್ಧವೂ ಹೋಗಿತ್ತು.
ಅಕ್ಕಿ ಚೀಲದ ತೂತು ನೋಡಿ
ಗನ್ನಾಯ್ ಬಾಯಿಗೆ ಸೆರಗು ಒತ್ತಿದಂತೆ ಕೈ ಒತ್ತಿ ನಕ್ಕಳು:
"ಬರೆದುಕೋ,
ಇವನ ಕುಲ ನಾನು ಹೇಳುತ್ತೇನೆ."