ನಲವತ್ತೊಂದು ಹಲಗೆ

ತಗಡಿನ ಹಲಗೆ ನಲವತ್ತೊಂದು, ಹಸಿರು ಮೈ, ಬಿಳಿ ಅಕ್ಷರ.
ಒಂದಕ್ಕೆ ಎಪ್ಪತ್ತು ರೂಪಾಯಿಯಂತೆ ಬರೆದುಕೊಟ್ಟವನು ನಾನೇ,
ಲಕ್ಷ್ಮೀಬಜಾರಿನ ಹಿಂದಿನ ಸಂದಿಯಲ್ಲಿ,
ಒಂದು ಬೇಕರಿ, ಎರಡು ಶ್ರದ್ಧಾಂಜಲಿಗಳ ನಡುವೆ.
‘ದಿಂಡಿಗ’ದ ಸೊನ್ನೆಯನ್ನು ದುಂಡಗೆ ತಿದ್ದಿದ್ದೆ.
ಮರವೋ ಬಳ್ಳಿಯೋ, ಕೇಳಿರಲಿಲ್ಲ.

ಇವತ್ತು ಭಾನುವಾರ. ಜೋಗಿಮಟ್ಟಿಯ ಬುಡದ ಗಿಡದ ತೋಟಕ್ಕೆ
ಇಪ್ಪತ್ತರ ಚೀಟಿ ಹರಿಸಿಕೊಂಡು
ಒಂಬತ್ತು ಜನರ ಹಿಂದೆ ನಿಂತಿದ್ದೇನೆ.
ಮುಂದೆ ಸಣ್ಣಪಾಲಕ್ಕ, ಸೀರೆಯ ಮೇಲೆ ಖಾಕಿ ಅಂಗಿ.
ಹಲಗೆಗಳ ಕಡೆ ತಿರುಗಿಯೂ ನೋಡುವುದಿಲ್ಲ.

“ಮುಟ್ರಿ. ಅಂಟ್ತೈತಾ? ಬಂದರಿಕೆ.
ಬಿಸ್ಲಿಗೆ ಮೈಗೆಲ್ಲ ಎಣ್ಣೆ ಹಚ್ಕಂಡು ಕುಂತೈತೆ.”
ಹತ್ತು ಜನ ಬೆರಳು ಮೂಸುತ್ತೇವೆ.

“ಇದು ಕವಳೆ. ತಿಂದ್ರೆ ನಾಲಿಗೆ ಸುಳ್ಳು ಹೇಳಾಕಿಲ್ಲ,
ಬಣ್ಣಾನೇ ಹೇಳ್ತೈತೆ ಎಲ್ಲಿಗ್ ಹೋಗಿದ್ದೆ ಅಂತ.
ಇದ್ರ ಮಗ್ಗುಲಾಗೇ ಗಾರ್ಡು ನನ್ ಕುಡುಗೋಲು ಕಸ್ಕಂಡಿದ್ದ,
ಹದಿನಾಕು ವರ್ಷ ನಂಗೆ, ತಲೆ ಮ್ಯಾಲೆ ಸೌದೆ ಹೊರೆ.
ಈಗ ಅದೇ ಇಲಾಖೆ ಅಂಗಿ ಕೊಟ್ಟೈತೆ.
ಕುಡುಗೋಲು ಇನ್ನೂ ಕೊಟ್ಟಿಲ್ಲ.”
ನಗುತ್ತಾರೆ. ಅವಳು ನಗುವುದಿಲ್ಲ, ನಡೆಯುತ್ತಾಳೆ.

ಏರು. ಕಲ್ಲು. ಯಾರದೋ ಬಾಟಲಿಯ ಕೊನೆಯ ಗುಟುಕು.
“ಎಲೆ ನೋಡ್ರಿ, ಮೇಕೆ ಗೊರಸಿನಂಗೆ ಎಲ್ಡು ಹೋಳು. ಕಮರ.
ಬರ ಬಂದ್ರೂ ದನಕ್ಕೆ ತುತ್ತು ಇಡೋ ಮರ.”
ಬುಡದಲ್ಲಿ ನನ್ನ ಕೈಬರಹ, ನನ್ನದೇ ದುಂಡು ಸೊನ್ನೆ:
ದಿಂಡಿಗ.

ಹಲಗೆ ನೆಟ್ಟವನು ಅದಲುಬದಲು ಮಾಡಿದ್ದಾನೆ.
ಹಾಗಾದರೆ ಆಚೆಯ ಬಿಳಿ ತೊಗಟೆಯ ಮರದ ಕೆಳಗೆ
‘ಕಮರ’ ನಿಂತಿರಬೇಕು, ಮಳೆಗಾಲದಿಂದಲೂ.
ಕನ್ನಡಕದ ಹುಡುಗನೊಬ್ಬ ಹಲಗೆ ನೋಡಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾನೆ.
ಕೆಮ್ಮಿದೆ.

“ಯಾಕಣ್ಣ? ಏನ್ ಬರ್ದವ್ರೆ ಅದ್ರಾಗೆ?
ನಂಗೆ ಓದಾಕೆ ಬರಾಕಿಲ್ಲ.”
ಹತ್ತು ಜೊತೆ ಕಣ್ಣು. ಮೂವತ್ತು ವರ್ಷ
ಊರಿನ ಅಂಗಡಿಗಳಿಗೆಲ್ಲ ಹೆಸರು ಬರೆದ ನಾಲಿಗೆ
ಒಣಗಿತು. “ಕಮರ,” ಎಂದು ಓದಿದೆ.

ಹುಡುಗ ಹಲಗೆ ನೋಡಿದ. ಎಲೆ ನೋಡಿದ. ನನ್ನನ್ನು ನೋಡಿದ,
ಸ್ವಲ್ಪ ಹೆಚ್ಚು ಹೊತ್ತು.
ಆಮೇಲೆ ರಬ್ಬರ್ ತೆಗೆದ.

ಕೊನೆಗೆ ಒಂದು ಬೋಳು ಬಂಡೆ. ಹಲಗೆಯಿಲ್ಲ.
ದೂರದ ಗುಡ್ಡಗಳ ಮೇಲೆ ಗಾಳಿಗಿರಣಿಗಳು, ಒಂದು ಮಾತ್ರ ನಿಂತಿದೆ.
“ಇಲ್ಲೇನೂ ಇಲ್ವಲ್ಲಮ್ಮ,” ಎಂದರು ಟೋಪಿಯವರು.
ಸಣ್ಣಪಾಲಕ್ಕ ಕುಕ್ಕರಗಾಲಲ್ಲಿ ಕೂತು, ಬಂಡೆಯ ಬಿರುಕಿನ
ಒಣ ಹುಲ್ಲನ್ನು ಬೆರಳಲ್ಲಿ ಬಿಡಿಸಿದಳು, ಮಗುವಿನ ತಲೆ ನೋಡುವಂತೆ.
“ಮಳೆ ಬಿದ್ದು ನಾಕ್ ದಿನಕ್ಕೆ ಬರ್ರಿ. ನೀಲಿ ಹೂವು, ಸಾಸಿವೆಯಷ್ಟು.
ಮಧ್ಯಾಹ್ನಕ್ಕೆ ಮುಚ್ಕಂತೈತೆ.”
“ಹೆಸರು?” ಹುಡುಗ ಪೆನ್ಸಿಲ್ ಎತ್ತಿದ.
“ನಮ್ಮವ್ವ ಒಂದು ಅಂತಿದ್ಲು. ಮರ್ತೋಯ್ತು.”

ಗೇಟಿನ ಹೊರಗೆ ನನ್ನ ಸ್ಕೂಟರು. ಡಿಕ್ಕಿಯಲ್ಲಿ ಇಕ್ಕಳ, ತಂತಿ,
ಅರ್ಧ ಡಬ್ಬಿ ಬಿಳಿ ಬಣ್ಣ.
ಬಂದರಿಕೆಯ ಅಂಟು ಕೈಗೆ, ಹ್ಯಾಂಡಲ್ಲಿಗೆ.
ಆರು ಗಂಟೆಗೆ ಬಾಗಿಲು ಹಾಕುತ್ತಾರೆ.
ಈಗ ಐದೂ ಇಪ್ಪತ್ತು.