ಇತರೆ

ರಾತ್ರಿ ಪಾಳಿ ಮುಗಿಸಿ ಸ್ವಾರಗೇಟಿನ ಬಸ್ಸಿನಲ್ಲಿ
ತೊಡೆಯ ಮೇಲೆ ಅರ್ಜಿ, ಅರ್ಜಿಯ ಮೇಲೆ
ಖಾಲಿ ಟಿಫಿನ್ ಡಬ್ಬಿ, ಹಾರದಿರಲಿ ಎಂದು.
ಡಿಪ್ಲೊಮಾ ಮುಗಿಸಿದವರಿಗೆ ಎರಡೇ ವರ್ಷಕ್ಕೆ ಡಿಗ್ರಿ,
ನಾಲ್ಕರ ದಾರಿಯನ್ನು ಎರಡರಲ್ಲಿ ಓಡಬೇಕು.
ವಯಸ್ಸು: ಮೂವತ್ತೊಂದು. ಅನುಭವ: ಎಂಟು ವರ್ಷ.
ಅದರಲ್ಲಿ ರಾತ್ರಿಗಳೆಷ್ಟು
ಎಂದು ಕೇಳುವ ಅಂಕಣವಿಲ್ಲ.

"ಏಳು ತಿಂಗಳಿಗೇ ಹುಟ್ಟಿದಾಕಿ ನೀ,
ಅವಸರ ನಿನಗೇನ ಹೊಸಾದಲ್ಲ ಬಿಡು" ಅಂದಳು ಅವ್ವ.
ಚಡಚಣದಲ್ಲಿ, ಹತ್ತಿಯಲ್ಲಿ ಸುತ್ತಿ,
ಒಲೆ ಆರಿದ ಬೂದಿಯ ಬೆಚ್ಚಗೆ ತಾಗುವಷ್ಟು ದೂರದಲ್ಲಿ
ಇಟ್ಟಿದ್ದರಂತೆ ನನ್ನನ್ನು, ಒಂದು ತಿಂಗಳು.
ಭಿಸಿಯಲ್ಲಿ ಈ ಸಲ ಅವಳ ಪಾಳಿ.
ಫ್ರಿಜ್ ಬೇಡ, ಫೀ ಕಟ್ಟು ಎಂದಳು.
ಮರುದಿನ ಮತ್ತೆ ಫ್ರಿಜ್ಜಿನ ಅಂಗಡಿಗೂ ಹೋಗಿ ಬಂದಳು,
ಸುಮ್ಮನೆ, ಬಾಗಿಲು ತೆರೆದು ನೋಡಲು.

ಎರಡು ಕಾಲೇಜು ನೋಡಿದೆ.
ತಾಥವಡೆಯದು ಪೂರಾ ಗಾಜು.
ಅವರ ಪುಸ್ತಿಕೆಯ ನರ್ಸು ವಿಮಾನದ ಮೆಟ್ಟಿಲ ಮೇಲೆ ನಿಂತು ನಗುತ್ತಾಳೆ,
ರೋಗಿ ಎಲ್ಲೂ ಇಲ್ಲ.
ರಾಸ್ತಾ ಪೇಠದ್ದು ಹಳೆಯದು. ಅಲ್ಲಿಯ ಅಸ್ಥಿಪಂಜರಕ್ಕೆ
ಎಡಗೈಯ ಮೂರು ಬೆರಳಿಲ್ಲ.
"ಇದ್ದ ಏಳರಲ್ಲಿ ಕಲಿಯಿರಿ" ಅಂದರು ಪ್ರಿನ್ಸಿಪಾಲ್ ಬಾಯಿ,
"ಇಲ್ಲದ ಮೂರನ್ನೇ ಪರೀಕ್ಷೆಯಲ್ಲಿ ಕೇಳುತ್ತಾರೆ."
ಅಲ್ಲೇ ಫೀ ಎಷ್ಟೆಂದು ಕೇಳಿಬಿಟ್ಟೆ.

ಉಳಿದದ್ದು ಕಡೆಯ ಅಂಕಣ:
ಮುಂದೆ ಯಾವ ವಿಭಾಗದಲ್ಲಿ ಆಸಕ್ತಿ?
ಐಸಿಯು ಬರಿ, ಐರ್ಲೆಂಡಿಗೆ ಅದೇ ಬಾಗಿಲು, ಅಂತಾಳೆ ಜಿನ್ಸಿ.
ಕ್ಯಾಂಪಿನ ಏಜೆಂಟು ಡಯಾಲಿಸಿಸ್ ಎಂಬ ಪದವನ್ನು
ರಿಯಾದ್ ಎಂದೇ ಉಚ್ಚರಿಸುತ್ತಾನೆ.
ಕಾಂಬಳೆ ತಾಯಿ ಕೈ ಹಿಡಿದು ಹೇಳಿದರು:
ನಿನ್ನ ಬೆರಳಿಗೆ ಕಣ್ಣಿದೆ, ದಾರದಂಥ ನರವೂ ಸಿಗುತ್ತದೆ,
ಅವಧಿಗೆ ಮುಂಚಿನ ಕೂಸುಗಳ ಬಳಿ ಹೋಗು.
ಹೋಗಬಹುದಿತ್ತು. ಆ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗ
ನನಗೆ ಬೂದಿಯ ವಾಸನೆ ಬರುತ್ತದೆ.

ಆದರೆ ಹದಿನಾಲ್ಕನೇ ಬೆಡ್ಡಿನ ಬಾಬುರಾವ್ ಪಾಸಲಕರ್,
ಹಡಪ್ಸರಿನ ರಿಕ್ಷಾದವ.
ಕರುಳು ಕತ್ತರಿಸಿ, ಹೊಟ್ಟೆಯ ಎಡಕ್ಕೆ
ಹೊಸ ಬಾಯಿ ಇಟ್ಟಿದ್ದರು,
ಟೊಮೆಟೊ ಹೋಳಿನಷ್ಟು ಕೆಂಪು, ಒದ್ದೆ.
ಅದಕ್ಕೊಂದು ಚೀಲ.
ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು.
ಡಾಕ್ಟರು ಎಲ್ಲ ಹೇಳಿ ಹೋದ ಮೇಲೆ
ಅವನು ಕೇಳಿದ್ದು ಒಂದೇ:
"ಸಿಸ್ಟರ್, ಪ್ಯಾಸೆಂಜರಿಗೆ ವಾಸನೆ ಬರುತ್ತಾ?"

ಗೊತ್ತಿರಲಿಲ್ಲ ನನಗೆ.
ಪುಸ್ತಕದಲ್ಲಿ ಆ ಪಾಠ ಒಂದೂವರೆ ಪುಟ.
ರಟ್ಟಿನಲ್ಲಿ ಅಳತೆ ತೆಗೆದೆ, ಕತ್ತರಿಸಿದೆ, ಅಂಟಿಸಿದೆ,
ಸೋರಿತು.
ಮತ್ತೆ ಅಂಟಿಸಿದೆ, ಮತ್ತೆ ಸೋರಿತು,
ಮೂವರೂ ಮೂಗು ಮುಚ್ಚಿಕೊಳ್ಳಲಿಲ್ಲ.
ಮೂರನೆಯ ಸಲ ಕತ್ತರಿಗೆ ಕೈ ಚಾಚಿದವಳು ಹೆಂಡತಿ.

ಗುಲ್ಟೇಕಡಿಯಲ್ಲಿ ಅಪ್ಪನ ಹೊಲಿಗೆ ಮಷೀನಿದೆ.
ಖಾಕಿ ಅಂಗಿಯ ಒಳಗೆ, ಹೊಟ್ಟೆಯ ಎಡಕ್ಕೊಂದು ಜೇಬು
ಹೊಲಿದುಕೊಡು ಅಂದೆ.
"ಒಳಗ್ಯಾಕ ಜೇಬು? ಕಳ್ಳ ಏನು?"
ವಿಷಯ ಹೇಳಿದೆ. ಮಷೀನು ನಿಂತಿತು ಸ್ವಲ್ಪ ಹೊತ್ತು.
ಆಮೇಲೆ ಜೇಬಿನ ಬಾಯಿಗೆ ಎರಡು ಸುತ್ತು ಹೊಲಿಗೆ ಹಾಕಿದ,
ದುಡ್ಡು ಕೇಳಲಿಲ್ಲ.

ಹೋದ ತಿಂಗಳು ಕಟ್ರಜಿನವರೆಗೆ ಬಾಬುರಾವನ ರಿಕ್ಷಾದಲ್ಲೇ ಬಂದೆ.
ಮೀಟರು ಹಾಕಲಿಲ್ಲ ಅವನು.
ಹಿಂದೆ ಕೂತು, ನಾಚಿಕೆಗೆಟ್ಟು, ಮೂಸಿ ನೋಡಿದೆ:
ಊದಿನಕಡ್ಡಿ, ಬಿಸಿಲಿಗೆ ಕಾದ ರೆಗ್ಜಿನ್,
ಯಾರೋ ಬಿಟ್ಟು ಹೋದ ಮಲ್ಲಿಗೆ. ಅಷ್ಟೇ.

ಅರ್ಜಿಯಲ್ಲಿ ಹನ್ನೊಂದು ಚೌಕ.
ಹೃದಯಕ್ಕಿದೆ, ಮಿದುಳಿಗಿದೆ, ಸುಟ್ಟ ಗಾಯಕ್ಕಿದೆ,
ಆ ಚೀಲಕ್ಕಿಲ್ಲ.
ಕೊನೆಯಲ್ಲಿ 'ಇತರೆ', ಮುಂದೆ ಅರ್ಧ ಇಂಚಿನ ಗೆರೆ.

ಡಬ್ಬಿ ಸರಿಸಿ ಬರೆದೆ. ಬಸ್ಸು ಹೊಂಡಕ್ಕಿಳಿಯಿತು,
ಅಕ್ಷರಗಳು ಗೆರೆ ದಾಟಿ
'ಕಚೇರಿಯ ಬಳಕೆಗೆ ಮಾತ್ರ' ಎಂಬ ಜಾಗಕ್ಕೆ ನುಗ್ಗಿದವು.
ಇರಲಿ.