ಸ್ಯಾಂಪಲ್ ನೂರ ಹದಿನೇಳು

ಡಾಕ್ಟರ ಎದುರು ಎಲ್ಲರದ್ದೂ ಒಂದೇ ಉತ್ತರ:
ಬೇರೆ ಮದ್ದಾ? ಎಂತದ್ದೂ ಇಲ್ಲ ಡಾಕ್ಟ್ರೆ.
ನಾನು ಹೊರಗೆ ಕಾಯುತ್ತೇನೆ, ಲಿಫ್ಟಿನ ಪಕ್ಕ,
ಹದಿನಾಲ್ಕು ಪ್ರಶ್ನೆಗಳ ಹಾಳೆ ಹಿಡಿದು.
ಅಲ್ಲಿ ಬಾಯಿ ಬಿಡುತ್ತವೆ ಚೀಲಗಳು:
ಅಮೃತಬಳ್ಳಿಯ ತುಂಡು, ಲಕ್ಷ್ಮಣಫಲದ ಒಣಗಿದೆಲೆ,
ಉಳ್ಳಾಲದ ಅವ್ವಮ್ಮನ ಜೇನಿನಲ್ಲಿ ನೆನೆದ ಕರಿಜೀರಿಗೆ,
ಕಾರ್ಕಳದ ಯಾರೋ ಕೊಟ್ಟ, ಹೆಸರು ಹೇಳಬಾರದ ಪುಡಿ.

ಸೇಸಮ್ಮನದ್ದು ಫ್ಲಾಸ್ಕು.
ಕೋಟೆಕಾರಿನಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು
ಮುಚ್ಚಳ ತಿರುಗಿಸಲು ನಡುಗುತ್ತದೆ.
"ಹಾಲೆ ಕೆತ್ತೆಯ ಕಷಾಯ" ಎಂದರು ಸಣ್ಣಗೆ,
"ಆಟಿ ಅಮಾಸೆಗೆ ಮಾತ್ರ ಅಲ್ಲ, ತಿಂಗಳು ತಿಂಗಳು.
ತಮ್ಮ ತರುತ್ತಾನೆ. ಕತ್ತಿ ಮುಟ್ಟಿಸುವುದಿಲ್ಲ,
ಕಲ್ಲಲ್ಲೇ ಜಜ್ಜಿ, ಬೆಳಕು ಹರಿಯುವ ಮೊದಲು.
ಹನ್ನೆರಡು ವರ್ಷ ನಮ್ಮಲ್ಲಿ ಮಾತಿರಲಿಲ್ಲ,
ಒಂದು ಬಾವಿಯ ವಿಷಯ. ಅದನ್ನೂ ಬರೆಯಬೇಕಾ?"

ಬೇಡ ಎಂದೆ.
ಬರೆದೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ದೇರಳಕಟ್ಟೆಯ ಮೂರನೇ ಮಾಳಿಗೆಯಲ್ಲಿ
ಮೂವತ್ತೇಳು ಡಿಗ್ರಿಯ ಬೆಚ್ಚನೆ ಪೆಟ್ಟಿಗೆಯೊಳಗೆ
ಯಾರದೋ ಬಾಯಿಹುಣ್ಣಿನ ಕೋಶಗಳನ್ನು ಸಾಕುತ್ತೇವೆ.
ಆ ಯಾರೋ ಹೋಗಿ ಬಹಳ ಕಾಲವಾಯಿತು,
ಅವು ಸಾಯಲು ಒಪ್ಪಿಲ್ಲ.
ದಿನ ಬಿಟ್ಟು ದಿನ ಉಣಿಸಬೇಕು, ಭಾನುವಾರವೂ.
ತೊಂಬತ್ತಾರು ಗುಳಿಗಳ ತಟ್ಟೆ, ಚೆನ್ನೆಮಣೆಯ ದೂರದ ನೆಂಟ;
ಗುಳಿಗಿಷ್ಟೆಂದು ಸಾರ, ಮತ್ತೆ ಹಳದಿ ಬಣ್ಣದ ನೀರು.
ಜೀವವಿದ್ದರೆ ಹಳದಿ ನೇರಳೆಯಾಗುತ್ತದೆ.
ಸತ್ತಿದ್ದರೆ ಹಳದಿ ಹಳದಿಯೇ.

ಹೊಸ ಹುಡುಗ ನೌಫಲ್ ಒಮ್ಮೆ ಕೂಗಿದ: ಸತ್ತವು!
ಮೊಂತೇರೊ ಮೇಡಂ ಕನ್ನಡಕ ಒರೆಸುತ್ತಾ,
"ಉಪ್ಪು ಹೆಚ್ಚಾದರೂ ಸಾಯುತ್ತವೆ ಮಾರಾಯ.
ಇಷ್ಟು ಸಾರ ರಕ್ತಕ್ಕೆ ಸೇರಬೇಕಾದರೆ
ಮನುಷ್ಯ ದಿನಕ್ಕೆ ಎರಡು ಕೊಡ ಕುಡಿಯಬೇಕು.
ಕುಡಿದರೆ ಲಿವರು ಮೊದಲು ಹೋಗ್ತದೆ."

ನೂರ ಹದಿನೇಳು ಮಾತ್ರ ಇಡೀ ಸಾಲು ನೇರಳೆ.
ಮತ್ತೊಮ್ಮೆ ಮಾಡಿದೆವು. ನೇರಳೆ,
ಹಣ್ಣು ಕದ್ದು ತಿಂದ ಮಕ್ಕಳ ನಾಲಗೆಯ ಹಾಗೆ.
ಕೆತ್ತೆಯನ್ನೇ ತರಿಸಿ, ತೆಳ್ಳಗೆ ಸೀಳಿ, ಮಸೂರದಡಿ ಇಟ್ಟರೆ
ಹಾಲೆಯಲ್ಲ.
ಹಲಸು.

ಅರವತ್ತು ದಾಟಿದ ತಮ್ಮ, ಪೊರೆ ಬಂದ ಕಣ್ಣು,
ಅಮಾಸೆಯ ಕತ್ತಲು, ಕಲ್ಲಿಗೆ ಅಂಟಿದ ಬಿಳಿ ಹಾಲು:
ಅವನಿಗೆ ಅಷ್ಟು ಸಾಕ್ಷಿ ಸಾಕಿತ್ತು.
ಕಾಸರಕದ ಮರಕ್ಕೆ ಕೈ ತಾಗಿದ್ದರೆ?
ಆ ರಾತ್ರಿ ನನಗೆ ನಿದ್ದೆ ಇಲ್ಲ.

"ಕಹಿ ಇರಲಿಲ್ವಾ ಸೇಸಮ್ಮ?"
ಮರುವಾರ ಕೇಳಿದೆ, ಡ್ರಿಪ್ಪು ಇಳಿಯುತ್ತಿರುವಾಗ.
"ಕಿಮೋ ಶುರುವಾದ ಮೇಲೆ ನೀರೇ ಕಹಿ.
ಎಂತ ಕುಡಿದರೂ ಕಷಾಯವೇ ನನಗೆ."
ಹೇಳಿದೆ. ಹಲಸು ಎಂಬುದನ್ನು ಎರಡು ಸಲ ಹೇಳಬೇಕಾಯಿತು.
ನಕ್ಕರು; ಹೊಲಿಗೆ ಬಿದ್ದ ಕೆನ್ನೆ ಒಂದೇ ಬದಿ ನಗುತ್ತದೆ.
"ಅವನು ಸಣ್ಣದಿರುವಾಗಲೂ ಹಾಗೆಯೇ,
ತೊಂಡೆ ಚಪ್ಪರದಲ್ಲಿ ಹೀರೆ ಹುಡುಕುವವ."
ಮತ್ತೆ ಸೂಜಿ ಚುಚ್ಚಿದ ಕೈಯಲ್ಲೇ ನನ್ನ ಕೈ ಹಿಡಿದು,
"ಇನ್ನು ಕುಡಿಯುವುದಿಲ್ಲ, ನಿಮ್ಮಾಣೆ.
ಅವನಿಗೆ ಮಾತ್ರ ಹೇಳಬೇಡಿ ಆಯ್ತಾ."

ವರದಿಯಲ್ಲಿ ಬರೆದೆವು: ಗುರುತು ತಪ್ಪು, ಕೈಬಿಡಲಾಗಿದೆ.

ಅಮಾಸೆಯ ಮರುದಿನ ಈಗಲೂ ಬರುತ್ತದೆ
ಬೀಡಿಯ ನೂಲು ಬಿಗಿದ ಕಾಗದದ ಪೊಟ್ಟಣ.
ಮೊದಲು ಸೀಳಿ ನೋಡುತ್ತೇನೆ. ಹಲಸೇ.
ಪ್ರಯೋಗಕ್ಕೆ ಏನೂ ಮಾಡದ ಸಾಲೊಂದು ಬೇಕು,
ಮದ್ದಿನ ಸಾಲುಗಳನ್ನು ಅದರ ಪಕ್ಕವಿಟ್ಟು ನೋಡಲು.
ಕಂಟ್ರೋಲ್ ಎನ್ನುತ್ತೇವೆ; ಸೇಸಮ್ಮನಿಗೆ
ಹೇಗೆ ತಿಳಿಸುವುದೆಂದು ಇನ್ನೂ ಹೊಳೆದಿಲ್ಲ.
ತಟ್ಟೆಯ ಕೊನೆಯ ಗುಳಿಗಳಿಗೆ ಅದನ್ನೇ ಹನಿಸಿ
ನಾಲ್ಕು ಗಂಟೆ ಕಾದು ಬಾಗಿಲು ತೆರೆದರೆ
ಉಳಿದವು ಹೇಗೇ ಇರಲಿ,
ಆ ಸಾಲು ನೇರಳೆ.
ಒಂದೂ ಸತ್ತಿಲ್ಲ.